ಆರನೇ ಪುಟದಿಂದ ಶುರು ಮಾಡಿ

ನಮಸ್ಕಾರ.

‘ಉಳ್ಳವರ ಆಸ್ತಿ ಇಲ್ಲದವರಿಗೆ ಹಂಚಿ’ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಿಬಿಡುವ ಮನಸ್ಸೂ ಇಲ್ಲ, ಅದಕ್ಕೇ ಈ ಪತ್ರ.

ಮೊದಲ ಐದು ಪುಟ ಬರೀ ಭಾಷಣ. ‘ಶ್ರೀಮಂತರು ಇನ್ನಷ್ಟು ಶ್ರೀಮಂತರಾಗುತ್ತಿದ್ದಾರೆ’ ಎಂಬ ಮಾತು ನಾಲ್ಕು ಸಲ ಬಂದಿದೆ. ಒಪ್ಪುವವರು ಮೊದಲ ಸಲವೇ ಒಪ್ಪಿರುತ್ತಾರೆ. ಒಪ್ಪದವರು ನಾಲ್ಕನೇ ಸಲಕ್ಕೂ ಒಪ್ಪುವುದಿಲ್ಲ. ಲೆಕ್ಕದಲ್ಲೂ ಎಡವಟ್ಟಾಗಿದೆ. ಮೇಲಿನ ಶೇ. 1 ಮಂದಿಗೆ ದೇಶದ ಆದಾಯದ ಶೇ. 40 ಹೋಗುತ್ತದೆ ಎಂದಿದ್ದೀರಿ. ಫ್ರಾನ್ಸಿನ ಅರ್ಥಶಾಸ್ತ್ರಜ್ಞ ಥಾಮಸ್ ಪಿಕೆಟ್ಟಿ ಮತ್ತು ಜೊತೆಗಾರರು 2024ರಲ್ಲಿ ಹೊರತಂದ ವರದಿಯಲ್ಲಿ ಶೇ. 40.1 ಇರುವುದು ಆಸ್ತಿಯ ಪಾಲು. ಆದಾಯದ ಪಾಲು ಶೇ. 22.6.

‘ನಮ್ಮಲ್ಲಿ ಸಿರಿವಂತರ ಆಸ್ತಿಗೆ ಯಾವತ್ತೂ ತೆರಿಗೆ ಹಾಕಿಲ್ಲ’ ಎನ್ನುವುದೂ ತಪ್ಪು. ಸತ್ತವರು ಬಿಟ್ಟುಹೋದ ಆಸ್ತಿಯ ಮೇಲೆ 1953ರಿಂದ 1985ರವರೆಗೆ ತೆರಿಗೆ ಇತ್ತು. ಸಂಪತ್ತು ತೆರಿಗೆ 1957ರಲ್ಲಿ ಬಂದು 2015ರ ಬಜೆಟ್ಟಿನಲ್ಲಿ ಹೋಯಿತು. 2013-14ರಲ್ಲಿ ಇಡೀ ದೇಶದಿಂದ ಬಂದದ್ದು 1,008 ಕೋಟಿ ರೂಪಾಯಿ. ವಸೂಲಿಗೆ ಖರ್ಚು ಜಾಸ್ತಿ, ಬರುವುದು ಕಮ್ಮಿ ಎಂದು ಆಗಿನ ಹಣಕಾಸು ಸಚಿವ ಅರುಣ್ ಜೇಟ್ಲಿ ಅದನ್ನು ತೆಗೆದರು. ನಿಮ್ಮನ್ನು ವಿರೋಧಿಸುವವರು ಇದನ್ನೇ ಎತ್ತುತ್ತಾರೆ. ಉತ್ತರ ಇಲ್ಲದೇ ಇಲ್ಲ. 1990ರ ದಶಕದಿಂದ ಷೇರುಗಳಿಗೆ ಆ ತೆರಿಗೆ ಇರಲೇ ಇಲ್ಲ. ಬಂಗಾರ, ಕಾರು, ಖಾಲಿ ಸೈಟು ಎಲ್ಲ ಹಿಡಿದು, ದೊಡ್ಡ ದುಡ್ಡು ಇರುವ ಕಡೆಯನ್ನೇ ಬಿಟ್ಟರೆ ಎಷ್ಟು ಬಂದೀತು? ಇದನ್ನು ನೀವೇ ಹೇಳಬೇಕಿತ್ತು, ಅಲ್ವಾ?

ಈಗ ಆರನೇ ಪುಟ. ನಿಮ್ಮ ಅಜ್ಜ ಡಿಕ್ಲರೇಶನ್ (ಗೇಣಿ ಜಮೀನು ತನಗೆ ಸಿಗಲಿ ಎಂಬ ಅರ್ಜಿ) ಕೊಟ್ಟು, ಗೇಣಿಗೆ ಮಾಡುತ್ತಿದ್ದ ಗದ್ದೆ ಪಡೆದ ಕಥೆ. ಇರುವುದು ಎರಡೇ ಪ್ಯಾರಾ, ಆದರೆ ನೀವು ನಿಜಕ್ಕೂ ಬರೆದಿರುವುದು ಅಷ್ಟೇ. ಹಂಚಿ ಹಂಚಿ ಎನ್ನುತ್ತೀರಲ್ಲ, ಹಂಚಿದ್ದು ನಿಮ್ಮ ಮನೆಯಲ್ಲೇ ಇದೆ. ಭೂಸುಧಾರಣೆ ಕಾಯ್ದೆಯಡಿ 1974ರ ಮಾರ್ಚ್ 1ರಿಂದ ರಾಜ್ಯದ ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ಒಕ್ಕಲುಗಳು ಅದಕ್ಕೆ ಅರ್ಜಿ ಹಾಕಬೇಕಿತ್ತು. ಆ ಅರ್ಜಿಗಳನ್ನು ತೀರ್ಮಾನಿಸುವ ಭೂನ್ಯಾಯ ಮಂಡಳಿಯಲ್ಲಿ ಆಗ ವಕೀಲರು ವಾದಿಸುವ ಹಾಗಿರಲಿಲ್ಲ. ದಣಿಗಳ ಎದುರು ನಿಂತು ಒಕ್ಕಲೇ ಬಾಯಿ ಬಿಡಬೇಕು. ನಿಮ್ಮ ಅಜ್ಜ ಏನು ಹೇಳಿದರು? ಸಾಕ್ಷಿಗೆ ಯಾರು ಬಂದರು? ಗೇಣಿ ಕೊಟ್ಟ ಚೀಟಿ ಇತ್ತಾ? ಮಂಡಳಿಯ ಆದೇಶದ ಪ್ರತಿ ಮನೆಯಲ್ಲಿರಬಹುದು, ಹುಡುಕಿ.

ದಣಿಗಳ ಮನೆಯವರನ್ನೂ ಮಾತಾಡಿಸಿ. ನೀವು ಬರೆದಿರುವ ದಣಿ ಹಳೇ ಸಿನಿಮಾದ ಖಳನಾಯಕನ ಹಾಗಿದ್ದಾನೆ. ಕರಾವಳಿಯಲ್ಲಿ ದೊಡ್ಡ ಭೂಮಾಲೀಕರೂ ಇದ್ದರು, ಇದ್ದ ಎರಡು ಮೂರು ಎಕರೆಯ ಗೇಣಿ ಅಕ್ಕಿಯಲ್ಲೇ ಬದುಕುತ್ತಿದ್ದ ವಿಧವೆಯರೂ ಇದ್ದರು. ಇಬ್ಬರ ಜಮೀನೂ ಹೋಯಿತು. ಇನ್ನು ಅದೇ ಗದ್ದೆಗೆ ನಾಟಿ ಮಾಡಲು ಬರುತ್ತಿದ್ದ ಕೂಲಿಯವರು. ಗೇಣಿದಾರರಲ್ಲದ ಕಾರಣ ಅವರಿಗೆ ಅದರಲ್ಲಿ ಪಾಲು ಸಿಗಲಿಲ್ಲ. ನಿಮ್ಮ ಲೇಖನದಲ್ಲೂ ಸಿಕ್ಕಿಲ್ಲ. ಅವರ ಮಕ್ಕಳು ಈಗ ಏನು ಮಾಡುತ್ತಿದ್ದಾರೆ? ನನಗೆ ಕುತೂಹಲ ಇರುವುದು ಅಲ್ಲೇ.

ಮೊದಲ ಐದು ಪುಟ ಪೂರ್ತಿ ತೆಗೆಯಿರಿ. ತೆರಿಗೆ ವಿಷಯ ಬೇರೆ ಲೇಖನವಾಗಲಿ, ಇದರೊಳಗೆ ತುರುಕಬೇಡಿ. ಈ ಭೂಸುಧಾರಣೆ ತಂದ ಆಗಿನ ಮುಖ್ಯಮಂತ್ರಿ ದೇವರಾಜ ಅರಸರ ಹೊಗಳಿಕೆಗೆ ಒಂದು ಸಾಲು ಸಾಕು. ಎಲ್ಲ ಸೇರಿ ಸಾವಿರ ಪದ ಮೀರದಿರಲಿ. ಆದೇಶದ ಪ್ರತಿ ಸಿಕ್ಕರೆ ಅದರ ಫೋಟೋ ಕಳಿಸಿ, ಅಜ್ಜನ ಸನ್ಮಾನದ್ದು ಬೇಡ.

— ಸಂಪಾದಕ