ಡೇಕೇರ್‌ನಲ್ಲಿ ಎಂಟು ತಿಂಗಳ ಮಗುವನ್ನು ಮೈಕೈಯೆಲ್ಲ ಬಣ್ಣ ಮೆತ್ತಿಕೊಂಡು ಆಡಲು ಬಿಡುತ್ತಾರೆ. ಇದರಿಂದ ಪ್ರಯೋಜನ ಇದೆಯೇ? ಬಾಯಿಗೆ ಹಾಕಿಕೊಂಡರೆ?

ಪ್ರಯೋಜನ ಖಂಡಿತ ಇದೆ. ಬಣ್ಣವನ್ನು ತಿನ್ನುವ ಪದಾರ್ಥದಿಂದಲೇ ಮಾಡಿದ್ದರೆ ಬಾಯಿಗೆ ಹೋದರೂ ಭಯವಿಲ್ಲ.

ಈ ವಯಸ್ಸಿನಲ್ಲಿ ಮಗು ಚಿತ್ರ ಬರೆಯುತ್ತಿರುವುದಿಲ್ಲ, ಮುಟ್ಟಿ ತಿಳಿದುಕೊಳ್ಳುತ್ತಿರುತ್ತದೆ. ಗಮನಿಸಿ ನೋಡಿ: ಟ್ರೇ ಮೇಲೆ ಅಂಗೈ ಎಳೆದಾಗ ಗೆರೆ ಮೂಡುತ್ತದೆ, ಮಗು ಒಂದು ಕ್ಷಣ ಅದನ್ನೇ ದಿಟ್ಟಿಸುತ್ತದೆ, ಮತ್ತೆ ಎಳೆಯುತ್ತದೆ. ತಾನು ಮಾಡಿದ್ದರಿಂದಲೇ ಏನೋ ಆಯಿತು ಎಂಬ ಅರಿವು ಬೆಳೆಯುವುದು ಹೀಗೆ. ಕಣ್ಣು-ಕೈ ಹೊಂದಾಣಿಕೆಗೂ ಇದು ಒಳ್ಳೆಯ ಅಭ್ಯಾಸ.

ಬಣ್ಣದಲ್ಲಿ ಏನೇನಿದೆ ಎಂದು ಮಾತ್ರ ಕೇಳಿಯೇ ಕೇಳಿ. ಗಟ್ಟಿ ಮೊಸರಿಗೆ ಬೀಟ್‌ರೂಟ್ ರಸವೋ ಬೇಯಿಸಿ ರುಬ್ಬಿದ ಪಾಲಕ್ಕೋ ಬೆರೆಸಿದರೆ ಸಾಕು. ಹಾಲು ಒಗ್ಗದ ಮಗುವಿಗೆ ಮೊಸರಿನ ಬದಲು ಅಕ್ಕಿ ಗಂಜಿ. ಹಸಿ ಮೈದಾ ಬೇಡ, ಅದರಲ್ಲಿ ರೋಗಾಣು ಇರಬಹುದು. ವರ್ಷ ತುಂಬುವವರೆಗೆ ಜೇನುತುಪ್ಪವಂತೂ ಕೂಡದು; ಅದರಿಂದ ನರಗಳನ್ನು ದುರ್ಬಲಗೊಳಿಸುವ ಬಾಟ್ಯುಲಿಸಂ ಎಂಬ ಗಂಭೀರ ಕಾಯಿಲೆ ಬರಬಹುದು.

ಅಂಟು ಇಷ್ಟವಾಗದೆ ಕೆಲವು ಮಕ್ಕಳು ಕೈ ಹಿಂದಕ್ಕೆ ಎಳೆದುಕೊಳ್ಳುತ್ತವೆ. ದಯವಿಟ್ಟು ಕೈ ಹಿಡಿದು ಅದ್ದಿಸಬೇಡಿ. ಬಣ್ಣವನ್ನು ಜಿಪ್ ಕವರಿಗೆ ತುಂಬಿ, ಮೇಜಿಗೆ ಟೇಪಿನಿಂದ ಭದ್ರವಾಗಿ ಅಂಟಿಸಿ, ಪಕ್ಕದಲ್ಲೇ ಕುಳಿತು ಮೇಲಿನಿಂದ ಒತ್ತಲು ಬಿಡಿ.