ಗೇಮ್ ಅಂಗಡಿ ಅಣ್ಣನಿಗೆ ಕೇಳಿ: ಏಟು ಬರುತ್ತೆ, ಹೊತ್ತಿಗೆ ಬರಲ್ಲ

ಕಳೆದ ತಿಂಗಳು ಅಂಕಣದ ಕೊನೆಯಲ್ಲಿ "ಫೈಟಿಂಗ್ ಗೇಮ್ ಬಗ್ಗೆ ಏನಾದರೂ ಇದ್ದರೆ ಕೇಳಿ" ಎಂದು ಸುಮ್ನೆ ಒಂದು ಸಾಲು ಹಾಕಿದ್ದೆ. ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹೊಸಬರಿಗೆ ಒಂದು ಮಾತು. ನಾನು ದೊಡ್ಡ ಆಟಗಾರ ಅಲ್ಲ. 1999ರಿಂದ ಹತ್ತು ವರ್ಷ ದಾವಣಗೆರೆಯಲ್ಲಿ ನಾಲ್ಕು ಟಿವಿ ಇಟ್ಟುಕೊಂಡು ವಿಡಿಯೋ ಗೇಮ್ ಅಂಗಡಿ ನಡೆಸಿದವನು. ಗಂಟೆಗೆ 15 ರೂಪಾಯಿ. ಹುಡುಗರು ಟೆಕ್ಕನ್ 3 ಅನ್ನೋ ಫೈಟಿಂಗ್ ಗೇಮ್ ಆಡಿ ಆಡಿ ಬಟನ್ ಕೆಳಗಿನ ರಬ್ಬರ್ ಸವೆಸುತ್ತಿದ್ದರು. ವಾರಕ್ಕೊಂದು ಕಂಟ್ರೋಲರ್ ಬಿಚ್ಚಿಕೊಂಡು ಕೂರುತ್ತಿದ್ದೆ. ಈಗ ಮೊಬೈಲ್ ರಿಪೇರಿ ಮಾಡುತ್ತೇನೆ. ಷಟರ್ ಎಳೆದ ಮೇಲೆ ದಿನಾ ಅರ್ಧ ಗಂಟೆ ಇನ್ನೂ ಆಡುತ್ತೇನೆ.

ಸರ್, ಸ್ಟ್ರೀಟ್ ಫೈಟರ್ 6 ಗೇಮಿನಲ್ಲಿ ಕ್ಯಾರೆಕ್ಟರ್ ಆಗಿ ರ‍್ಯೂ ಆಡುತ್ತೇನೆ. ನಿಂತಲ್ಲೇ ಹೊಡೆದರೆ ಹಡೋಕೆನ್ (ಕೈಯಿಂದ ಚಿಮ್ಮುವ ಶಕ್ತಿಯ ಉಂಡೆ) ಸರಿಯಾಗಿ ಬರುತ್ತದೆ. ಮುಂದೆ ನಡೆಯುತ್ತಾ ಹೊಡೆದರೆ ಮಾತ್ರ ಶೋರ್ಯುಕೆನ್ ಆಗಿಬಿಡುತ್ತದೆ. ಮೇಲೆ ಎಗರಿ ಕೆಳಗೆ ಬರುವಷ್ಟರಲ್ಲಿ ಎದುರಿನವನು ಚಚ್ಚಿ ಹಾಕುತ್ತಾನೆ. ಕಂಟ್ರೋಲರ್ ಕೆಟ್ಟಿದೆಯಾ?
— ಪಿಯುಸಿ ವಿದ್ಯಾರ್ಥಿ, ಶಿವಮೊಗ್ಗ

ಕಂಟ್ರೋಲರ್ ಚೆನ್ನಾಗಿಯೇ ಇದೆ, ಮಾರೋಕೆ ಹೋಗಬೇಡಪ್ಪ. ಹಡೋಕೆನ್ ಅಂದರೆ ಕೆಳಗೆ, ಮುಂದಿನ ಮೂಲೆ (ಕೆಳಗೆ ಮತ್ತು ಮುಂದೆ ಒಟ್ಟಿಗೆ), ಮುಂದೆ, ಪಂಚ್. ಶೋರ್ಯುಕೆನ್ ಅಂದರೆ ಮುಂದೆ, ಕೆಳಗೆ, ಮುಂದಿನ ಮೂಲೆ, ಪಂಚ್. ನಡೆಯಬೇಕು ಅಂತ ನೀನು ಆಗಲೇ ಮುಂದೆ ಒತ್ತಿಕೊಂಡಿದ್ದೀಯ. ಅಲ್ಲಿಂದ ಹೆಬ್ಬೆರಳು ಕೆಳಗೆ ಹೋಯ್ತು, ಮೂಲೆಗೆ ಬಂತು. ಆಟದ ಲೆಕ್ಕದಲ್ಲಿ ಶೋರ್ಯುಕೆನ್ ಅಷ್ಟಕ್ಕೇ ಪೂರ್ತಿಯಾಯ್ತು. ಎರಡೂ ಹೊಂದುವಂತಿದ್ದರೆ ಆಟ ಶೋರ್ಯುಕೆನ್‌ಗೇ ಮಣೆ ಹಾಕುತ್ತದೆ.

ಟ್ರೈನಿಂಗ್ ಮೋಡ್‌ಗೆ ಹೋಗು. ನೀನು ಒತ್ತಿದ್ದನ್ನೆಲ್ಲ ಬಾಣದ ಗುರುತಿನಲ್ಲಿ ತೋರಿಸುವ ಪಟ್ಟಿಯನ್ನು ಆನ್ ಮಾಡು. ಪ್ರತಿ ಬಾಣದ ಪಕ್ಕ ಒಂದು ಅಂಕಿ ಇರುತ್ತದೆ. ಅದನ್ನು ಎಷ್ಟು ಫ್ರೇಮ್ ಹಿಡಿದಿದ್ದೆ ಅನ್ನುವ ಲೆಕ್ಕ ಅದು. ಫ್ರೇಮ್ ಅಂದರೆ ಪರದೆಯ ಮೇಲಿನ ಒಂದು ಚಿತ್ರ, ಸೆಕೆಂಡಿಗೆ 60. ಈಗ ಮುಂದೆ ನಡೆ, ಹೆಬ್ಬೆರಳನ್ನು ಪೂರ್ತಿ ಬಿಡು, ಆಮೇಲೆ ಕೆಳಗಿನಿಂದ ಶುರು ಮಾಡು. ಮೊದಲು ಧಾರಾಳವಾಗಿ 20 ಫ್ರೇಮ್ ಬಿಡು. ಹಡೋಕೆನ್ ಬರುತ್ತದೆ. ದಿನಕ್ಕೆ ಎರಡೆರಡು ಫ್ರೇಮ್ ಕಡಿಮೆ ಮಾಡುತ್ತಾ ಬಾ. ಎಲ್ಲೋ ಒಂದು ಕಡೆ ಮತ್ತೆ ಶೋರ್ಯುಕೆನ್ ಬರುತ್ತದಲ್ಲ, ಅದಕ್ಕಿಂತ ಸ್ವಲ್ಪ ಜಾಸ್ತಿ ಬಿಟ್ಟರೆ ಆಯ್ತು. ಕೊನೆಯಲ್ಲಿ ಮುಂದಿನ ಬಾಣ ಬಂದ ಮೇಲೆಯೇ ಪಂಚ್ ಒತ್ತಿದೆಯಾ ಅನ್ನೋದನ್ನೂ ಅದೇ ಪಟ್ಟಿಯಲ್ಲಿ ನೋಡಿಕೋ. ಕೈ ಸುಳ್ಳು ಹೇಳುತ್ತದೆ, ಆ ಪಟ್ಟಿ ಹೇಳಲ್ಲ.

ನಮ್ಮ ಹುಡುಗ ಡಿಗ್ರಿ ಮೊದಲನೇ ವರ್ಷ. ರಾತ್ರಿ ಎರಡೆರಡು ತಾಸು ಟಿವಿ ಮುಂದ ಕುಂತು, ಅಲುಗಾಡದ ನಿಂತ ಗೊಂಬಿಯಂಥವಗ ಒಂದ ಏಟು ಸಾವಿರ ಸಲ ಹೊಡಿತಾನ. ಗೆಲ್ಲಂಗೂ ಇಲ್ಲ, ಸೋಲಂಗೂ ಇಲ್ಲ. ತಲಿ ಸರಿ ಐತಲ್ರಿ ಅವಂದು?
— ಒಬ್ಬ ತಾಯಿ, ಹುಬ್ಬಳ್ಳಿ

ತಲೆ ಸರಿಯಾಗಿದೆ ಅಕ್ಕಾರ. ನಿಮ್ಮ ಕಡೆ ಸಂಗೀತ ಕಲಿಯುವ ಮಕ್ಕಳು ಒಂದೇ ಪಲ್ಟಾವನ್ನು ತಿಂಗಳುಗಟ್ಟಲೆ ಹಾಡುತ್ತಾರಲ್ಲ, ಇದೂ ಹಾಗೇ. ಆದರೆ ಎರಡು ತಾಸು ಜಾಸ್ತಿಯಾಯ್ತು. ನಾನು ಕಂಡಂತೆ ಅರ್ಧ ತಾಸು ಕಳೆದ ಮೇಲೆ ಹೆಬ್ಬೆರಳು ಹೊಸದೇನೂ ಕಲಿಯಲ್ಲ, ತಪ್ಪನ್ನೇ ಗಟ್ಟಿ ಮಾಡಿಕೊಳ್ಳುತ್ತದೆ. ಅರ್ಧ ತಾಸು ಗೊಂಬೆಗೆ ಹೊಡೆದು, ಮಿಕ್ಕ ಹೊತ್ತು ಮನುಷ್ಯರ ಜೊತೆ ಆಡಿ ಸೋಲಲಿ. ಮಣಿಕಟ್ಟು ನೋವು ಅಂದರೆ ಅವತ್ತು ಪೂರ್ತಿ ಬಂದ್. ಇದನ್ನು ನಾನು ಪಾಲಿಸಲಿಲ್ಲ. ನನ್ನ ಎಡ ಹೆಬ್ಬೆರಳಿನ ಬುಡ ಇವತ್ತಿಗೂ ಚಳಿಗಾಲದಲ್ಲಿ ನೆನಪು ಮಾಡಿಸುತ್ತದೆ.

ಟೆಕ್ಕನ್ 8ರಲ್ಲಿ ಕಜುಯಾ ಅನ್ನೋ ಕ್ಯಾರೆಕ್ಟರ್‌ನ ಎಲೆಕ್ಟ್ರಿಕ್ ಪಂಚ್ ಹತ್ತಕ್ಕೆ ಒಂದು ಸಲ ಬರುತ್ತಿದೆ, ಅದೂ ಅದೃಷ್ಟದಿಂದ. ಆರು ತಿಂಗಳಾಯ್ತು. ಬಿಟ್ಟು ಬೇರೆ ಕ್ಯಾರೆಕ್ಟರ್ ಹಿಡಿಯಲಾ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಬಿಡಬೇಡಿ. ನನಗೆ ಪ್ಲೇಸ್ಟೇಷನ್ 2ನಲ್ಲಿ, ಟೆಕ್ಕನ್ 5 ಕಾಲದಲ್ಲಿ, ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು. ನಮ್ಮ ಅಂಗಡಿ ಹುಡುಗರು ಅದಕ್ಕೆ "ಕರೆಂಟ್" ಅನ್ನುತ್ತಿದ್ದರು. "ಅಣ್ಣ, ಕರೆಂಟ್ ಹೋಯ್ತು" ಅಂತ ಯಾರಾದರೂ ಕೂಗಿದರೆ ನಾನು ಮೀಟರ್ ಬೋರ್ಡ್ ನೋಡೋಕೆ ಏಳುತ್ತಿದ್ದೆ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಮುಂದೆ ಒತ್ತಿ ಬಿಡಬೇಕು. ಆಮೇಲೆ ಕೆಳಗೆ. ಆಮೇಲೆ ಮುಂದಿನ ಮೂಲೆ ಮತ್ತು ಬಲಗೈ ಪಂಚ್, ಇವೆರಡೂ ಒಂದೇ ಫ್ರೇಮಿನಲ್ಲಿ ಬೀಳಬೇಕು. ಅಂದರೆ ಸೆಕೆಂಡಿನ 60ರಲ್ಲಿ ಒಂದು ಪಾಲು. ಪಂಚ್ ಒಂದು ಫ್ರೇಮ್ ತಡವಾದರೂ ಎಲೆಕ್ಟ್ರಿಕ್ ಬದಲು ಸಾಮಾನ್ಯ ವಿಂಡ್ ಗಾಡ್ ಫಿಸ್ಟ್ ಬರುತ್ತದೆ. ನೋಡೋಕೆ ಎರಡೂ ಒಂದೇ ಥರ, ಮಿಂಚು ಮಾತ್ರ ಇರಲ್ಲ. ಆದರೆ ವ್ಯತ್ಯಾಸ ಭಾರಿ. ಸಾಮಾನ್ಯದ್ದನ್ನು ಎದುರಿನವನು ಬ್ಲಾಕ್ ಮಾಡಿದರೆ ಅವನು ನಿಮಗಿಂತ 10 ಫ್ರೇಮ್ ಮುಂಚೆ ಮತ್ತೆ ಹೊಡೆಯೋಕೆ ಸಿದ್ಧನಾಗುತ್ತಾನೆ. ಹೆಚ್ಚಿನವರ ಜ್ಯಾಬ್ (ಬೇಗ ಬರುವ ಸಣ್ಣ ಪಂಚ್) 10 ಫ್ರೇಮಿನದು, ಹಾಗಾಗಿ ಏಟು ಗ್ಯಾರಂಟಿ. ಮಿಂಚು ಬಂದದ್ದನ್ನು ಬ್ಲಾಕ್ ಮಾಡಿದರೆ ಉಲ್ಟಾ, ನೀವೇ 5 ಫ್ರೇಮ್ ಮುಂಚೆ. ಒಂದೇ ಫ್ರೇಮಿನ ತಪ್ಪಿಗೆ ಎಷ್ಟು ದಂಡ ನೋಡಿ.

ನಿಮ್ಮ ತೊಂದರೆ ಏನಿರಬಹುದು ಅಂತ ಊಹಿಸುತ್ತೇನೆ. ನೀವು ಎಡಗೈ ಕೆಲಸ ಮುಗಿಸಿ, ಆಮೇಲೆ ಬಲಗೈಗೆ ಹೇಳುತ್ತಿದ್ದೀರಿ. ಟಿವಿ ಮ್ಯೂಟ್ ಮಾಡಿ ಕಂಟ್ರೋಲರ್ ಸದ್ದು ಕೇಳಿ. ಮೊದಲು ಮುಂದಿನ ಬಾಣದ "ಟಕ್". ಚೂರು ಬಿಟ್ಟು ಕೆಳಗಿನದು. ಅದರ ಬೆನ್ನಿಗೇ ಮೂಲೆ ಮತ್ತು ಪಂಚ್ ಸೇರಿ ಒಂದೇ "ಟಕ್" ಕೇಳಬೇಕು. "ಟ-ಟಕ್" ಅಂತ ಒಡೆದು ಕೇಳಿದರೆ ಪಂಚ್ ಹಿಂದೆ ಬಿದ್ದಿದೆ ಅಂತಲೇ ಅರ್ಥ. ನಾನು ಪರದೆ ನೋಡೋದು ಬಿಟ್ಟು ಸದ್ದು ಕೇಳೋಕೆ ಶುರು ಮಾಡಿದ ವಾರದಲ್ಲೇ ಹತ್ತಕ್ಕೆ ನಾಲ್ಕು ಬರತೊಡಗಿತು. ಸತತ ಐದು ಬಂದರೆ ಆ ಕಡೆಯಿಂದ ಈ ಕಡೆಗೆ ಬನ್ನಿ. ಬಲಗಡೆ ನಿಂತಾಗ ಎಲ್ಲ ತಿರುವುಮುರುವಾಗುತ್ತದೆ, ಅದನ್ನು ಬೇರೆಯೇ ಕಲಿಯಬೇಕು. ಈ ಸಂಕಟ ಯಾರೂ ಮೊದಲೇ ಹೇಳಲ್ಲ.

ಅಣ್ಣ, ಟ್ರೈನಿಂಗ್ ಮೋಡ್‌ನಲ್ಲಿ ನಾನು ಹುಲಿ. ಉದ್ದುದ್ದ ಕಾಂಬೋ (ಒಂದರ ಬೆನ್ನಿಗೊಂದು ಏಟು) ಎಲ್ಲ ಬರುತ್ತೆ. ಆನ್‌ಲೈನ್ ಮ್ಯಾಚಿಗೆ ಹೋದರೆ ಒಂದೂ ಬರಲ್ಲ. ಸ್ಟ್ರೀಟ್ ಫೈಟರ್ 6ರ ಡ್ರೈವ್ ಇಂಪ್ಯಾಕ್ಟ್ (ನಮ್ಮ ಏಟನ್ನು ನುಂಗಿಕೊಂಡೇ ಬರುವ ದೊಡ್ಡ ಏಟು) ಅಂತೂ ಪ್ರತಿ ಸಲ ತಿನ್ನುತ್ತೇನೆ. ಏನು ಮಾಡಲಿ?
— ಡಿಪ್ಲೊಮಾ ವಿದ್ಯಾರ್ಥಿ, ಧಾರವಾಡ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಇದೇ ಪ್ರಶ್ನೆ. ನೀನು ಕೈಗೆ ಪಾಠ ಮಾಡಿದ್ದೀಯ, ಕಣ್ಣಿಗೆ ಮಾಡಿಲ್ಲ. ಅಲುಗಾಡದ ಗೊಂಬೆಗೆ ಹೊಡೆಯುವಾಗ ಯಾವಾಗ ಶುರು ಮಾಡಬೇಕು ಅನ್ನೋದನ್ನು ನೀನೇ ತೀರ್ಮಾನ ಮಾಡುತ್ತೀಯ. ಮ್ಯಾಚಿನಲ್ಲಿ ಅದು ಎದುರಿನವನ ಕೈಲಿ ಇರುತ್ತದೆ.

ಡ್ರೈವ್ ಇಂಪ್ಯಾಕ್ಟ್ ಲೆಕ್ಕವನ್ನೇ ನೋಡು. ಅದು ಶುರುವಾಗಿ ಏಟು ತಾಗೋಕೆ 26 ಫ್ರೇಮ್. ಅಂದರೆ ಸುಮಾರು 0.43 ಸೆಕೆಂಡ್. ಕಣ್ಣು ಕಂಡದ್ದಕ್ಕೆ ಹೆಬ್ಬೆರಳು ಅಲುಗೋಕೆ ನಮ್ಮಂಥ ಸಾಮಾನ್ಯರಿಗೆ ಕಾಲು ಸೆಕೆಂಡ್, ಅಂದರೆ 15 ಫ್ರೇಮ್. ಇನ್ನೂ 11 ಫ್ರೇಮ್ ಮಿಕ್ಕಿತು. ನೋಡಿದ ತಕ್ಷಣ ನೀನೂ ಡ್ರೈವ್ ಇಂಪ್ಯಾಕ್ಟ್ ಒತ್ತಿದರೆ ನಿನ್ನದು ಅವನ ಏಟನ್ನು ನುಂಗಿ ತಿರುಗಿ ಹೊಡೆಯುತ್ತದೆ. ಲೆಕ್ಕದ ಪ್ರಕಾರ ಬೇಕಾದಷ್ಟು ಹೊತ್ತಿದೆ, ಅಲ್ವಾ? ಆದರೂ ತಿನ್ನುತ್ತೀಯ. ಯಾಕೆಂದರೆ ಆ ಹೊತ್ತಿಗೆ ನಿನ್ನ ತಲೆಯಲ್ಲಿ ನಿನ್ನದೇ ಕಾಂಬೋ ಓಡುತ್ತಿರುತ್ತದೆ. ಇಲ್ಲಾ, ಸುಮ್ನೆ ಒಂದು ಒದೆತ ಒತ್ತಿ ಅದು ಮುಗಿಯೋದನ್ನು ಕಾಯುತ್ತಿರುತ್ತೀಯ.

ಹೀಗೆ ಮಾಡು. ಟ್ರೈನಿಂಗ್ ಮೋಡ್‌ನಲ್ಲಿ ಗೊಂಬೆಗೆ ಚಲನೆ ರೆಕಾರ್ಡ್ ಮಾಡೋಕೆ ಬರುತ್ತದೆ. ಮೂರು ರೆಕಾರ್ಡ್ ಮಾಡು. ಒಂದರಲ್ಲಿ ಹಿಂದೆ ಮುಂದೆ ಓಡಾಡಲಿ. ಇನ್ನೊಂದರಲ್ಲಿ ಕೂತು ಒದೆಯಲಿ. ಮೂರನೆಯದರಲ್ಲಿ ಸ್ವಲ್ಪ ಓಡಾಡಿ ಡ್ರೈವ್ ಇಂಪ್ಯಾಕ್ಟ್ ಹೊಡೆಯಲಿ. ಮೂರನ್ನೂ ಹಿಂದುಮುಂದಾಗಿ ಬರುವಂತೆ ಇಟ್ಟು ಆಡು. ನೆನಪಿರಲಿ, ಕೈಕಟ್ಟಿ ಕಾಯುವಂತಿಲ್ಲ. ನೀನೂ ಹಡೋಕೆನ್, ಒದೆತ ಎಲ್ಲ ಮಾಡುತ್ತಾ ಇರಬೇಕು, ಅದರ ನಡುವೆ ಅದನ್ನು ಹಿಡಿಯಬೇಕು. ಮೊದಲ ದಿನ ಅಳು ಬರುತ್ತದೆ.

ಎರಡನೇ ಕೆಲಸ, ಗೊಂಬೆಯ ಬ್ಲಾಕನ್ನು ರ‍್ಯಾಂಡಮ್‌ಗೆ ಇಡು. ಎರಡು ಸಣ್ಣ ಏಟು ಹೊಡಿ. ತಾಗಿದರೆ ಮುಂದುವರಿಸು, ಬ್ಲಾಕ್ ಆದರೆ ಅಲ್ಲೇ ನಿಲ್ಲಿಸು. ನಿಲ್ಲಿಸೋದೇ ಕಷ್ಟ. ಬಾಯಿಪಾಠ ಮಾಡಿದ ಪದ್ಯದ ಹಾಗೆ ಕೈ ಕೊನೆಯ ತನಕ ಓಡಿಬಿಡುತ್ತದೆ. ಬ್ಲಾಕ್ ಆದ ಮೇಲೂ ಕೊನೆಗೆ ಶೋರ್ಯುಕೆನ್ ಹೊಡೆದೆಯೋ, 20 ಫ್ರೇಮಿಗೂ ಜಾಸ್ತಿ ಹೊತ್ತು ನೀನು ಯಾವುದಕ್ಕೂ ಆಗದವನು.

ನಮ್ಮ ಅಂಗಡಿಗೆ ಹೂವಿನ ವ್ಯಾಪಾರದವರ ಮಗ ಒಬ್ಬ ಬರುತ್ತಿದ್ದ. ಟೆಕ್ಕನ್ 3ರಲ್ಲಿ ಲಾ ಅನ್ನೋ ಕ್ಯಾರೆಕ್ಟರ್ ಆಡುತ್ತಿದ್ದ. ಅವನಿಗೆ ಬರುತ್ತಿದ್ದದ್ದು ನಾಲ್ಕೇ ಏಟು. ಹತ್ತು ಏಟಿನ ಸರಣಿ ಕಲಿತವರೆಲ್ಲ ಅವನ ಮುಂದೆ ದುಡ್ಡು ಕಳೆದುಕೊಂಡು ಹೋಗುತ್ತಿದ್ದರು. ಒಂದು ದಿನ ಗುಟ್ಟು ಕೇಳಿದೆ. ಪಕ್ಕದಲ್ಲಿ ಕೂತವನ ಕಂಟ್ರೋಲರ್ ಕಡೆ ಕಿವಿ ಇಟ್ಟಿರುತ್ತೇನೆ ಅಣ್ಣ, ಅವನು ಪಟಪಟ ಒತ್ತಿ ಸುಮ್ಮನಾದಾಗ ಹೊಡೆಯುತ್ತೇನೆ ಅಂದ. ಆನ್‌ಲೈನಿನಲ್ಲಿ ಆ ಸದ್ದು ಇಲ್ಲ, ಕಣ್ಣನ್ನೇ ನೆಚ್ಚಬೇಕು.

2004ರ ಆ ಹಳೇ ವಿಡಿಯೋ, ಡೈಗೋ ಉಮೆಹರಾ ಅವರದ್ದು, ನೋಡಿದೆ. ಅಷ್ಟು ಬೇಗ ನೋಡಿ ಒತ್ತೋಕೆ ಮನುಷ್ಯರಿಂದ ಆಗುತ್ತಾ?
— ಓದುಗ, ಮೈಸೂರು

ನೋಡಿ ಒತ್ತೋಕೆ ಆಗಲ್ಲ. ಅವರೂ ನೋಡಿ ಒತ್ತಲಿಲ್ಲ.

ನೋಡದವರಿಗೆ ಕಥೆ ಹೇಳುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ ನಡೆದ ಇವೋ ಟೂರ್ನಿ, ಸ್ಟ್ರೀಟ್ ಫೈಟರ್ 3 ಥರ್ಡ್ ಸ್ಟ್ರೈಕ್. ಜಪಾನಿನ ಆಟಗಾರ ಡೈಗೋ ಕೈಲಿ ಕೆನ್ ಅನ್ನೋ ಕ್ಯಾರೆಕ್ಟರ್, ಎದುರಾಳಿ ಜಸ್ಟಿನ್ ವಾಂಗ್ ಕೈಲಿ ಚುನ್-ಲಿ. ಕೆನ್‌ನ ಜೀವ ಕೂದಲೆಳೆಯಷ್ಟು ಉಳಿದಿದೆ. ಸೂಪರ್ ಏಟನ್ನು ಬ್ಲಾಕ್ ಮಾಡಿದರೂ ಚೂರು ಜೀವ ಹೋಗುತ್ತದೆ, ಹಾಗಾಗಿ ಬ್ಲಾಕ್ ಮಾಡಿದರೂ ಸಾವೇ. ಚುನ್-ಲಿ ಸೂಪರ್ ಬಿಟ್ಟಳು. ಆ ಆಟದಲ್ಲಿ ಏಟು ತಾಗುವ ಗಳಿಗೆಗೆ ಸರಿಯಾಗಿ ಮುಂದೆ ತಟ್ಟಿದರೆ ಪ್ಯಾರಿ ಆಗುತ್ತದೆ, ಜೀವ ಹೋಗಲ್ಲ. ಡೈಗೋ 15 ಏಟನ್ನೂ ಒಂದೊಂದಾಗಿ ಪ್ಯಾರಿ ಮಾಡಿದರು. ಕೊನೆಯದನ್ನು ಗಾಳಿಯಲ್ಲಿ ಮಾಡಿ, ಇಳಿಯುತ್ತಲೇ ಕಾಂಬೋ ಹೊಡೆದು ಗೆದ್ದರು. ಜನ ಎದ್ದು ಕೂಗಿದ್ದು ವಿಡಿಯೋದಲ್ಲಿ ಕೇಳುತ್ತದಲ್ಲ.

ಮೊದಲನೆಯದು ಬಿಟ್ಟು ಮಿಕ್ಕ 14 ಏಟಿನ ತಾಳ ಅಭ್ಯಾಸದಿಂದ ಬರುತ್ತದೆ, ಆ ಸೂಪರ್ ಯಾವಾಗಲೂ ಒಂದೇ ಲಯದಲ್ಲಿ ಬೀಳುತ್ತದೆ. ಮೊದಲನೆಯದೇ ಕಷ್ಟ. ಸೂಪರ್ ಶುರುವಾಗಿದ್ದು ಕಂಡ ಮೇಲೆ ತಟ್ಟಿದರೆ ತಡವಾಯ್ತು. ಈಗ ಬಿಡುತ್ತಾನೆ ಅಂತ ಮೊದಲೇ ಊಹಿಸಿ ತಟ್ಟಬೇಕು. ನನಗೆ ಆ ವಿಡಿಯೋದಲ್ಲಿ ಇಷ್ಟವಾಗೋದು ಅದಕ್ಕೂ ಮುಂಚಿನ ಕೆಲವು ಸೆಕೆಂಡು. ಡೈಗೋ ದೂರದಲ್ಲೇ ಉಳಿದು ಕಾಯುತ್ತಾರೆ. ಅಂದಹಾಗೆ, ಆ ವರ್ಷದ ಟೂರ್ನಿ ಗೆದ್ದದ್ದು ಡೈಗೋ ಅಲ್ಲ. ಫೈನಲ್‌ನಲ್ಲಿ ಅವರು ಸೋತರು.

ಕೀಬೋರ್ಡಿನಲ್ಲಿ ಆಡಬಹುದಾ? ಸ್ಟಿಕ್ (ಫೈಟಿಂಗ್ ಗೇಮಿನ ದೊಡ್ಡ ಜಾಯ್‌ಸ್ಟಿಕ್) ಕೊಳ್ಳಲೇಬೇಕಾ?
— ಓದುಗ, ಕಲಬುರಗಿ

ಕೀಬೋರ್ಡ್ ಧಾರಾಳವಾಗಿ ಆಗುತ್ತದೆ. ಆದರೆ ಅಗ್ಗದ ಕೀಬೋರ್ಡುಗಳಲ್ಲಿ ಮೂರು ನಾಲ್ಕು ಕೀ ಒಟ್ಟಿಗೆ ಒತ್ತಿದರೆ ಒಂದನ್ನು ನುಂಗಿಬಿಡುತ್ತವೆ, ಮೊದಲು ಅದನ್ನು ಪರೀಕ್ಷೆ ಮಾಡಿ. ಸ್ಟಿಕ್‌ಗೆ ದುಡ್ಡು ಸುರಿಯುವ ಮುಂಚೆ ಟಿವಿಯ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಆನ್ ಮಾಡಿ. ಚಿತ್ರ ಚಂದ ಮಾಡೋಕೆ ಅಂತ ಟಿವಿ 100 ಮಿಲಿಸೆಕೆಂಡ್ ತಡ ಮಾಡಿದರೂ ಆರು ಫ್ರೇಮ್ ಹೋಯ್ತು. ಮೇಲಿನ ಧಾರವಾಡದ ಲೆಕ್ಕದಲ್ಲಿ 11 ಉಳಿದದ್ದು ಐದಾಗುತ್ತದೆ.

ನನಗೆ 43. ಕಾಲೇಜಿನಲ್ಲಿದ್ದಾಗ ಟೆಕ್ಕನ್ 3ರಲ್ಲಿ ಎಡ್ಡಿ ಹಿಡಿದು ಸಿಕ್ಕಿದ ಬಟನ್ ಒತ್ತಿ ಎಲ್ಲರನ್ನೂ ಸೋಲಿಸುತ್ತಿದ್ದೆ. ಈಗ ಮಗಳು ಟೆಕ್ಕನ್ 8 ಹಾಕಿಕೊಂಡು ನನ್ನನ್ನು ಹಣ್ಣುಗಾಯಿ ಮಾಡುತ್ತಿದ್ದಾಳೆ. ಬೇಗ ಕಲಿಯೋ ಕ್ಯಾರೆಕ್ಟರ್ ಹೇಳಿ.
— ಬ್ಯಾಂಕ್ ಉದ್ಯೋಗಿ, ತುಮಕೂರು

ಓ, ನೀವಾ! ನಿಮ್ಮಂಥವರಿಂದಲೇ ನನ್ನ ಕಂಟ್ರೋಲರ್ ರಬ್ಬರ್ ಹೋಗಿದ್ದು. ಎಡ್ಡಿ 2024ರ ಏಪ್ರಿಲ್‌ನಲ್ಲಿ ಟೆಕ್ಕನ್ 8ಕ್ಕೂ ಬಂದಿದ್ದಾನೆ, ಬೇರೆ ದುಡ್ಡು ಕೊಟ್ಟು ತಗೋಬೇಕು. ನನ್ನ ಮಾತು ಕೇಳುವುದಾದರೆ ಪಾಲ್ ಹಿಡಿಯಿರಿ. ಕೆಳಗೆ, ಮೂಲೆ, ಮುಂದೆ, ಬಲಗೈ ಪಂಚ್. ಹಡೋಕೆನ್ ಥರಾನೇ. ತಾಗಿತು ಅಂದರೆ ಜೀವದ ಪಟ್ಟಿ ಹೇಗೆ ಕರಗುತ್ತದೆ ನೋಡಿ. ಬ್ಲಾಕ್ ಆದರೆ ಮಾತ್ರ ನಿಮ್ಮ ಕಥೆ ಮುಗಿಯಿತು, ಆದ್ದರಿಂದ ಸುಮ್ಮಸುಮ್ಮನೆ ಬಿಡಬೇಡಿ. ಮಗಳು ಒಂದು ಏಟು ಬೀಸಿ ಅದು ನಿಮಗೆ ತಾಗದೆ ಗಾಳಿಗೆ ಹೋದಾಗ ಮಾತ್ರ ಬಿಡಿ. ಒಂದು ವಾರ ಅವಳು ಮಲಗಿದ ಮೇಲೆ ಎರಡೂ ಕಡೆಯಿಂದ ಐವತ್ತೈವತ್ತು ಸಲ ಹೊಡೆದು ನೋಡಿ, ಟಿವಿ ಸೌಂಡ್ ಕಡಿಮೆ ಇಟ್ಟುಕೊಂಡು. ಈ ಪುಟ ಮಾತ್ರ ಅವಳ ಕೈಗೆ ಸಿಗದಂತೆ ನೋಡಿಕೊಳ್ಳಿ.