ಹಿಮಗಾಲದಲ್ಲಿ ಆಡುಗಳ ನೀರಿನ ತೊಟ್ಟಿಗೆ ಊರಿನಿಂದ ತಂದ ಹೀಟರ್ ರಾಡ್ ಹಾಕಬಹುದೇ?

ಬೇಡ. ದಯವಿಟ್ಟು ಆ ರಾಡನ್ನು ಸೂಟ್‌ಕೇಸಿನಲ್ಲೇ ಬಿಡಿ.

ಅಮೆರಿಕದ ಮಿನೆಸೊಟಾದಲ್ಲಿ ಆರು ಆಡು ಸಾಕಿದ್ದೀರಿ, ಇದು ಮೊದಲ ಚಳಿಗಾಲ ಎಂದು ಬರೆದಿದ್ದೀರಿ. ಇದೇ ರಾಜ್ಯದ ದಕ್ಷಿಣ ಭಾಗದಲ್ಲಿ ಒಂಬತ್ತು ಆಡು, ಒಂದು ಮುದಿ ಕುದುರೆ ಕಟ್ಟಿಕೊಂಡು ನಾನು ಏಳು ಚಳಿಗಾಲ ಕಳೆದಿದ್ದೇನೆ.

ಸ್ನಾನದ ನೀರು ಕಾಯಿಸುವ ನಮ್ಮ ರಾಡ್ 230 ವೋಲ್ಟಿಗೆ ಮಾಡಿದ್ದು. ಇಲ್ಲಿನ 120 ವೋಲ್ಟಿನಲ್ಲಿ 1500 ವ್ಯಾಟಿನ ರಾಡ್ ಹೆಚ್ಚೆಂದರೆ 400 ವ್ಯಾಟಿನಷ್ಟು ಕೆಲಸ ಮಾಡೀತು. ಅದಿರಲಿ, ಸಾಕಷ್ಟು ಕಾದೊಡನೆ ತಾನೇ ಆರಿಸುವ ಥರ್ಮೋಸ್ಟಾಟ್ ಅದಕ್ಕಿಲ್ಲ. ಆಡುಗಳು ಕುಡಿದು ನೀರು ಇಳಿದರೆ ಬರಿದಾದ ಕಾಯಿಲ್ ಪ್ಲಾಸ್ಟಿಕ್ ತೊಟ್ಟಿಯನ್ನೇ ಸುಡಬಹುದು. ‘ಸ್ವಿಚ್ ಆರಿಸದೆ ಬಕೆಟ್ಟಿಗೆ ಕೈ ಹಾಕಬೇಡ’ ಎಂದು ಬಚ್ಚಲಮನೆಯ ಬಾಗಿಲಲ್ಲಿ ನಿಂತು ಅಮ್ಮ ಕೂಗುತ್ತಿದ್ದರಲ್ಲ, ಆಡಿಗೆ ಹಾಗೆ ಕೂಗಿ ಹೇಳುವವರು ಯಾರು?

ಆರು ಆಡಿಗೆ ತಳದಲ್ಲೇ ಹೀಟರ್ ಅಡಗಿಸಿರುವ ಬಕೆಟ್ಟುಗಳು ಸಾಕು. ರೈತರ ಅಂಗಡಿಗಳಲ್ಲಿ ಸಿಗುತ್ತವೆ. ವೈರಿನ ಮೇಲೆ ಉಕ್ಕಿನ ಸುರುಳಿ ಸುತ್ತಿರುವುದನ್ನೇ ಆರಿಸಿ, ಆಡು ಅಗಿಯದ ವಸ್ತುವಿಲ್ಲ. ದೊಡ್ಡ ತೊಟ್ಟಿಯೇ ಬೇಕೆಂದರೆ ಥರ್ಮೋಸ್ಟಾಟ್ ಇರುವ ಟ್ಯಾಂಕ್ ಹೀಟರ್ ತನ್ನಿ. ಪ್ಲಾಸ್ಟಿಕ್ ತೊಟ್ಟಿಗೆ ಆಗುತ್ತದೆ ಎಂದು ಅದರ ಮೇಲೆ ಬರೆದಿದೆಯೇ ನೋಡಿಕೊಳ್ಳಿ.

ಆದರೆ ಹೀಟರಿಗಿಂತ ಮೊದಲು ಮುಚ್ಚಳ. ಮೊದಲ ವರ್ಷ ನಾನು ತೆರೆದ ತೊಟ್ಟಿಗೆ 1500 ವ್ಯಾಟಿನ ಹೀಟರ್ ಹಾಕಿ ನೆಮ್ಮದಿಯಾಗಿ ಮಲಗಿದೆ. ಮೈನಸ್ 30 ಡಿಗ್ರಿಯ ರಾತ್ರಿಗಳಲ್ಲಿ ಅದು ಆರಿದ್ದೇ ಇಲ್ಲ. ಹಗಲಿರುಳು ಉರಿದರೆ ದಿನಕ್ಕೆ 36 ಯೂನಿಟ್, ಲೆಕ್ಕ ನೀವೇ ಹಾಕಿ. ಶಾಖ ಹೆಚ್ಚಾಗಿ ಹಾರಿಹೋಗುವುದು ನೀರಿನ ಮೇಲ್ಮೈಯಿಂದ. ಮರುವರ್ಷ ತೊಟ್ಟಿಯ ಸುತ್ತ ಎರಡು ಇಂಚಿನ ಫೋಮ್ ಹಲಗೆ, ಅದರ ಹೊರಗೆ ಪ್ಲೈವುಡ್ (ಇಲ್ಲದಿದ್ದರೆ ಫೋಮನ್ನೂ ತಿನ್ನುತ್ತವೆ), ಮೇಲೆ ಮೂತಿ ಹಿಡಿಸುವಷ್ಟೇ ಜಾಗ ಬಿಟ್ಟು ಮುಚ್ಚಳ ಹೊಡೆದೆ. ಗಾಳಿಗೆ ಅಡ್ಡವಾಗಿ ಕೊಟ್ಟಿಗೆಯ ದಕ್ಷಿಣದ ಗೋಡೆಗೆ ಸರಿಸಿದೆ. ಅದೇ ಹೀಟರ್ ಆಮೇಲೆ ಹಗಲೆಲ್ಲ ಸುಮ್ಮನಿರತೊಡಗಿತು.

ಅದೇ ಮೊದಲ ವರ್ಷ ಎರಡು ಎಕ್ಸ್‌ಟೆನ್ಷನ್ ವೈರು ಜೋಡಿಸಿ, ಜೋಡಣೆಯನ್ನು ಹುಲ್ಲಿನ ಪೆಂಡಿಯ ಮೇಲಿಟ್ಟಿದ್ದೆ. ಒಂದು ಸಂಜೆ ಸುಟ್ಟ ವಾಸನೆ. ಹೋಗಿ ನೋಡಿದರೆ ಪ್ಲಗ್ಗಿನ ಒಂದು ಕಾಲು ಕಂದಾಗಿ, ಸುತ್ತಲ ಪ್ಲಾಸ್ಟಿಕ್ ಬೆಲ್ಲದ ಪಾಕದಂತೆ ಇಳಿದಿತ್ತು. ಹುಲ್ಲು ಹತ್ತಿಕೊಳ್ಳಲಿಲ್ಲ, ನನ್ನ ಪುಣ್ಯ. ಎಲೆಕ್ಟ್ರಿಷಿಯನ್ ಕರೆಸಿ ತೊಟ್ಟಿಯ ಬಳಿಯೇ ಜಿಎಫ್‌ಸಿಐ ಸಾಕೆಟ್ ಹಾಕಿಸಿದೆ. ಸುಮಾರು 5 ಮಿಲಿಆಂಪಿಯರ್ ಸೋರಿದರೂ ಅದು ವಿದ್ಯುತ್ತನ್ನು ಕಡಿದುಬಿಡುತ್ತದೆ. ಪದೇ ಪದೇ ಹೀಗೆ ಕಡಿಯುತ್ತದೆಂದು ಆ ಸಾಕೆಟ್ಟನ್ನು ತೆಗೆಸಬೇಡಿ, ಹೀಟರ್ ಬದಲಿಸಿ.

ಉಪ್ಪುನೀರು ತುಂಬಿದ ಬಾಟಲಿ ತೇಲಿಬಿಡುವ ಉಪಾಯ ಹಗುರ ಚಳಿಗೆ ಸರಿ, ಇಲ್ಲಿ ಬೆಳಗಾಗುವಷ್ಟರಲ್ಲಿ ಬಾಟಲಿಯೇ ಮಂಜುಗಡ್ಡೆಯೊಳಗೆ ಸಿಕ್ಕಿಕೊಂಡಿರುತ್ತದೆ. ಕಾರಿನ ಆಂಟಿಫ್ರೀಜ್ ಮಾತ್ರ ಹತ್ತಿರಕ್ಕೂ ತರಬೇಡಿ: ಅದು ಸಿಹಿ, ಮತ್ತು ವಿಷ. ಹಿಮ ನೆಕ್ಕಿ ಬದುಕುತ್ತವೆ ಎನ್ನುವವರ ಮಾತಿಗೂ ಕಿವಿಗೊಡಬೇಡಿ. ಆಡಿಗೆ ದಿನಕ್ಕೆ ನಾಲ್ಕೆಂಟು ಲೀಟರ್ ನೀರು ಬೇಕು. ನೀರು ಕಡಿಮೆಯಾದರೆ ಮೇವು ಕಡಿಮೆ. ಹೊಟ್ಟೆಯಲ್ಲಿ ಮೇವು ಹುಳಿಯುವಾಗ ಹುಟ್ಟುವ ಶಾಖವೇ ಅವುಗಳ ಕಂಬಳಿ. ಬೀಜ ಒಡೆದ ಗಂಡುಗಳಿಗಂತೂ ಮೂತ್ರದಲ್ಲಿ ಕಲ್ಲು ಕಟ್ಟುವ ಭಯವಿದೆ. ನಾನು ಬೆಳಿಗ್ಗೆ ಸಂಜೆ ಒಂದೊಂದು ಬಕೆಟ್ ಬಿಸಿನೀರನ್ನೂ ಕೊಡುತ್ತೇನೆ, ಕಲಗಚ್ಚಿಗೆ ಮುಗಿಬಿದ್ದಂತೆ ಬೀಳುತ್ತವೆ.

ಹೀಟರ್ ಹಾಕಿದ ಮೇಲೆ ಆಡುಗಳು ತೊಟ್ಟಿಯವರೆಗೆ ಬಂದು, ಮೂಸಿ, ಹಿಂದೆ ಸರಿದರೆ ನೀರಿನ ರುಚಿ ಹಿಡಿಸಲಿಲ್ಲ ಎಂದುಕೊಳ್ಳಬೇಡಿ. ರಬ್ಬರ್ ಬೂಟು ತೊಟ್ಟ ನಿಮಗೆ ತಿಳಿಯದ ಸಣ್ಣ ಕರೆಂಟು, ಒದ್ದೆ ನೆಲದ ಮೇಲೆ ನಿಂತ ಅವುಗಳ ಮೂತಿಗೆ ತಟ್ಟುತ್ತಿರಬಹುದು. ಆಗ ಕೈ ಅದ್ದಿ ಪರೀಕ್ಷೆ ಮಾಡಲು ಹೋಗದೆ, ಮೊದಲು ಬ್ರೇಕರ್ ಆರಿಸಿ.